ನಾಳೆ ಹಾಕಿಸುತ್ತೇನೆ ಎಂದಿದ್ದ ಹಲಗೆ

ದಾವಣಗೆರೆ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತು. ಊರಿನ ಅಂಚಿನಲ್ಲಿ ನನ್ನದೊಂದು ಸಣ್ಣ ಮಂಡಕ್ಕಿ ಭಟ್ಟಿ ಇತ್ತು. ಕೆಲಸಕ್ಕೆ ಮೂರು ಜನ. ಭತ್ತ ನೆನೆಹಾಕುವ ತೊಟ್ಟಿ ನೆಲದ ಮಟ್ಟಕ್ಕೇ ಇತ್ತು. ಅದಕ್ಕೆ ಕುದಿಯುವ ನೀರು ತುಂಬಿ, ಅಡ್ಡಲಾಗಿ ಹಾಕಿದ ಹಲಗೆಯ ಮೇಲೆ ನಿಂತು ಚೀಲ ಸುರಿಯುವುದು ನಮ್ಮಲ್ಲಿ ರೂಢಿ. ಬದಿಯಿಂದ ಸುರಿದರೆ ಭತ್ತ ಒಂದೇ ಕಡೆ ಗುಡ್ಡೆಯಾಗುತ್ತದೆ.

ಹಲಗೆಯ ನಡುವೆ ಸೀಳು ಬಿಟ್ಟದ್ದನ್ನು ಮೊದಲು ಕಂಡವಳು ಮಂಡಕ್ಕಿ ಜರಡಿ ಹಿಡಿಯುವ ಹೆಂಗಸು. ಬೇರೆ ಹಾಕಿಸಿ ಎಂದಳು. ಇನ್‌ಶಾ ಅಲ್ಲಾ, ನಾಳೆ ಎಂದೆ. ದೇವರ ಇಚ್ಛೆ ಇದ್ದರೆ ಎಂದು ಅದರ ಅರ್ಥ. ವಾರ ಕಳೆದು ಮತ್ತೆ ಹೇಳಿದಳು. ನಾನೂ ಮತ್ತೆ ಅದನ್ನೇ ಅಂದೆ. ಮೂರನೇ ಸಲ ಅವಳು ಜರಡಿ ಕೆಳಗಿಟ್ಟಳು.

"ಬಡಗಿ ಅಂಗಡಿಗೂ ನಿಮ್ಮ ದೇವ್ರೇ ಹೋಗ್ಬೇಕೇನ್ರಿ ಸಾಬ್ರೆ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಹೆಚ್ಚು ನಕ್ಕವರು ಚಾಚಾ. ಅವರು ಹರಿಹರದಿಂದ ದಿನಾ ಪ್ಯಾಸೆಂಜರ್ ರೈಲಿಗೆ ಬರುತ್ತಿದ್ದ ಹಿರಿಯ ಕೆಲಸಗಾರ. ಚಾಚಾ ಎಂದರೆ ಚಿಕ್ಕಪ್ಪ, ಆದರೆ ಸಂಬಂಧವೇನಿಲ್ಲ. ನನ್ನ ತಂದೆಯ ಕಾಲದಿಂದಲೂ ಇದ್ದವರೆಂದು ಹಾಗೆ ಕರೆಯುತ್ತಿದ್ದೆ.

ನಾಲ್ಕು ದಿನದ ಮೇಲೆ, ಮಧ್ಯಾಹ್ನದ ನಮಾಜು ಮುಗಿಸಿ ಬಂದು ಚಾಚಾ ಚೀಲ ಹೊತ್ತು ಹಲಗೆ ಹತ್ತಿದರು. ನಾನು ಏಳೆಂಟು ಹೆಜ್ಜೆ ದೂರದಲ್ಲಿದ್ದೆ. ಹಲಗೆ ಮುರಿದದ್ದು ದೊಡ್ಡ ಶಬ್ದವೇನಲ್ಲ. ಅವರು ಸೊಂಟದವರೆಗೆ ಕುದಿಯುವ ನೀರಿನಲ್ಲಿ ನಿಂತು, ಎರಡೂ ಕೈಯಲ್ಲಿ ತೊಟ್ಟಿಯ ಅಂಚು ಹಿಡಿದು ನನ್ನ ಕಡೆ ನೋಡುತ್ತಿದ್ದರು. ನಾನೂ ಆ ಹೆಂಗಸೂ ಸೇರಿ ಮೇಲಕ್ಕೆಳೆದೆವು.

ಅವರು ಆಸ್ಪತ್ರೆಯಲ್ಲಿ ಒಂಬತ್ತು ದಿನ ಬದುಕಿದ್ದರು. ನೋಡಲು ಬಂದವರೆಲ್ಲ ಅಲ್ಲಾಹನ ಮರ್ಜಿ ಎಂದು ಹೇಳಿ ಹೋಗುತ್ತಿದ್ದರು. ನಾನು ದಿನಾ ಗಂಜಿ ಒಯ್ಯುತ್ತಿದ್ದೆ. ಆರನೆಯ ದಿನ ಅವರ ಮಗ ಔಷಧಿ ತರಲು ಕೆಳಗೆ ಹೋಗಿದ್ದ. ಇದ್ದದ್ದು ನಾವಿಬ್ಬರೇ.

"ಬರೆದಿದ್ದು ಆಗ್ತೈತೆ ಬೇಟಾ. ನೀ ಯಾಕ ಮುಖ ಸಪ್ಪಗ ಮಾಡ್ಕಂಡೀಯ?"

ಬರೆದದ್ದು ಇರಬಹುದು, ಆದರೆ ಸೀಳು ನನಗೆ ಗೊತ್ತಿತ್ತು, ಮಾಫ್ ಮಾಡಿ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವರ ಮಾತು ನನಗೆ ಹಿತವಾಗಿತ್ತು. ಇನ್ನೊಂದು ಚಮಚ ಗಂಜಿ ಕುಡಿಸಿದೆ.

ಮಣ್ಣು ಮಾಡಿದ್ದು ಹರಿಹರದಲ್ಲಿ. ಶವದ ಮುಂದೆ ಮಾಡುವ ಜನಾಜಾ ನಮಾಜಿಗೆ ಮುಂಚೆ ಮನೆಯವರೊಬ್ಬರು ಸಾಲಾಗಿ ನಿಂತವರ ಕಡೆ ತಿರುಗಿ ಸತ್ತವರ ಪರವಾಗಿ ಕ್ಷಮೆ ಕೇಳುವುದು ನಮ್ಮಲ್ಲಿ ನಡೆದು ಬಂದದ್ದು. ಮನುಷ್ಯ ಮನುಷ್ಯನಿಗೆ ಮಾಡಿದ ತಪ್ಪನ್ನು ನೊಂದವನೇ ಮನ್ನಿಸಬೇಕು, ಅದಕ್ಕೆ ಮುಂಚೆ ಅಲ್ಲಾಹನೂ ಮನ್ನಿಸುವುದಿಲ್ಲ ಎಂದು ಚಿಕ್ಕಂದಿನಿಂದ ಕಲಿತಿದ್ದೇವೆ. ಮಗ ಮುಂದೆ ಬಂದು ನಿಂತ.

"ನಮ್ಮ ಅಬ್ಬಾ ಯಾರಿಗಾದ್ರೂ ನೋವು ಮಾಡಿದ್ರೆ ಮಾಫ್ ಮಾಡ್ರಿ."

ಮಾಫ್ ಮಾಡಿದೆವು ಎಂದು ಸಾಲುಗಳು ಮೆಲ್ಲಗೆ ಹೇಳಿದವು. ಮೂರನೇ ಸಾಲಿನಲ್ಲಿದ್ದ ನನ್ನ ಬಾಯಿಯೂ ಹೇಳಿತು. ಅವರು ನನಗೆ ಯಾವ ನೋವೂ ಮಾಡಿರಲಿಲ್ಲ. ಸತ್ತವರ ಹತ್ತಿರ ಬದುಕಿರುವವರು ಕ್ಷಮೆ ಕೇಳುವ ಗಳಿಗೆ ಆ ರೂಢಿಯಲ್ಲಿ ಇಲ್ಲ. ಅದನ್ನು ಅವರು ಬದುಕಿದ್ದಾಗಲೇ ಕೇಳಿಕೊಳ್ಳಬೇಕು. ನನಗೆ ಒಂಬತ್ತು ದಿನ ಸಿಕ್ಕಿತ್ತು.

ಮೂರು ಹಿಡಿ ಮಣ್ಣು ಹಾಕಿ ಬಂದ ಮೇಲೆ, ಖಬರಸ್ತಾನದ ನಲ್ಲಿಯ ಹತ್ತಿರ ಮಗನಿಗೆ ಎಲ್ಲ ಹೇಳಿದೆ. ಸೀಳನ್ನು ಯಾರು ತೋರಿಸಿದರು, ಎಷ್ಟು ಸಲ, ನಾನು ಏನೆಂದೆ, ಎಲ್ಲರೂ ಹೇಗೆ ನಕ್ಕೆವು ಎಂಬುದನ್ನೂ. ಅವನು ಉಗುರಿನ ಸಂದಿಯ ಮಣ್ಣು ತೊಳೆದುಕೊಳ್ಳುತ್ತಾ ಕೇಳಿದ.

"ಅಬ್ಬಾಗೆ ಹೇಳಿದ್ರೇನು ಇದನ್ನ?"

ಇಲ್ಲ ಎಂದೆ.

"ಹಂಗಾದ್ರೆ ನಾ ಹೆಂಗ ಮಾಫ್ ಮಾಡ್ಲಿ? ಅದು ಅವರದು." ನಲ್ಲಿ ನಿಲ್ಲಿಸಿದ. "ಅಮ್ಮಿಗೆ ಈಗ್ಲೇ ಹೇಳಬ್ಯಾಡ್ರಿ. ಅಲ್ಲಾನ ಮರ್ಜಿ ಅಂದ್ಕಂಡು ಕುಂತಾಳ. ಆ ಮಾತು ಆಕಿಗಿರ್ಲಿ. ನೀವು ಇಟ್ಕಳ್ಳಬ್ಯಾಡ್ರಿ."

ಅವನ ದನಿ ಏರಲಿಲ್ಲ. ನಾನು ಹೊರಡುವಾಗ ಇನ್ನೊಂದು ಕೇಳಿದ. ಹೊಸ ಹಲಗೆ ಹಾಕಿಸಿದಿರಾ ಎಂದು. ಹಾಕಿಸಿರಲಿಲ್ಲ. ಭಟ್ಟಿ ಮುಚ್ಚಿತ್ತಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಇನ್‌ಶಾ ಅಲ್ಲಾ ಎಂಬುದು ನಾಲಿಗೆಯ ತುದಿಯವರೆಗೆ ಬಂತು. ಆ ಮಾತಿನಲ್ಲಿ ತಪ್ಪಿಲ್ಲ. ಅದನ್ನು ಹೇಳಿ ಕೂತುಬಿಡುತ್ತಿದ್ದವನು ನಾನು. ಇವತ್ತೇ ಎಂದಷ್ಟೇ ಹೇಳಿದೆ.

ಬಸ್ಸು ಇಳಿದು ನೇರ ಬಡಗಿಯ ಅಂಗಡಿಗೆ ಹೋದೆ. ಎರಡಂಗುಲ ದಪ್ಪದ ಹಲಗೆ ಕೊಯ್ದು ಮುಗಿಸುವವರೆಗೆ ಅಲ್ಲೇ ಕೂತಿದ್ದೆ. ಭಟ್ಟಿ ತೆರೆದ ದಿನ ಮೊದಲ ಚೀಲ ಹೊತ್ತು ನಾನೇ ಅದರ ಮೇಲೆ ನಿಂತೆ. ಜರಡಿಯ ಹೆಂಗಸು ನೋಡುತ್ತಿದ್ದಳು. ಹಲಗೆ ಅಲುಗಲಿಲ್ಲ.

ಈಗಲೂ ನಮಾಜು ಮುಗಿಸಿ ಕೈಯೆತ್ತಿದಾಗ ನನ್ನ ಉಳಿದ ತಪ್ಪುಗಳಿಗೆಲ್ಲ ಕ್ಷಮೆ ಕೇಳುತ್ತೇನೆ. ಆ ಒಂದರ ಹತ್ತಿರ ಬಂದಾಗ ಮಾತು ನಿಲ್ಲುತ್ತದೆ. ಅದನ್ನು ಯಾರ ಹತ್ತಿರ ಕೇಳಬೇಕಿತ್ತೋ ಅವರು ಹರಿಹರದ ಮಣ್ಣಿನಲ್ಲಿದ್ದಾರೆ.