ಪಾಲಾಕ್ಷಪ್ಪನ ಎದೆ

ಚಿಗಟೇರಿಯ ಕುರಿಗಾಹಿ ಪಾಲಾಕ್ಷಪ್ಪ ಕಡು ಬೇಸಿಗೆಯಲ್ಲೂ ಎದೆಯ ಮೇಲಿನ ಕಂಬಳಿ ತೆಗೆಯುತ್ತಿರಲಿಲ್ಲ. ಹೃದಯದ ಕಾಯಿಲೆಗೆ ಮಾತ್ರೆ ನುಂಗತೊಡಗಿದ ಮೇಲೆ ಕಾಲಿನ ಬಾವೇನೋ ಇಳಿದಿತ್ತು. ಆದರೆ ಕೆಲವೇ ತಿಂಗಳಲ್ಲಿ ಅವನ ಮೊಲೆಗಳು ಉಬ್ಬಿ, ಮುಟ್ಟಿದರೆ ನೋಯುತ್ತಿದ್ದವು.

ದೇವಿ ಹುಲಿಗೆಮ್ಮ ಗಂಡಸರನ್ನೂ ಸೇವೆಗೆ ಕರೆಯುತ್ತಾಳೆ, ಕರೆದವರು ಸೀರೆಯುಟ್ಟು ಜೋಗಪ್ಪ ಆಗುತ್ತಾರೆ ಎಂಬುದು ಈ ಸೀಮೆಯ ನಂಬಿಕೆ. ಹೆಂಡತಿ ಈರಕ್ಕನಿಗೆ ಅವಸರವೋ ಅವಸರ. "ಅಮ್ಮ ನಿಮ್ಮನ್ನ ಕರದಾಳ್ರಿ" ಎಂದು ಕೈಮುಗಿದು, ಹಸಿರು ಸೀರೆಯನ್ನೇ ತಂದಿಟ್ಟಳು. ಉಡುವ ಮುಂಚೆ ನೋವಿಗೊಂದು ಮುಲಾಮಾದರೂ ಸಿಗಲಿ ಎಂದು ಪಾಲಾಕ್ಷಪ್ಪ ಅವಳೊಡನೆ ಹರಪನಹಳ್ಳಿಗೆ ಹೋದ.

ಡಾಕ್ಟರ್ ಸಮತಾ ಎದೆಯನ್ನು ಒತ್ತಿ ನೋಡಿ, ಅವನ ಮಾತ್ರೆಗಳಲ್ಲಿ ಒಂದನ್ನು ಬೇರೆ ತೆಗೆದಿಟ್ಟರು. "ಇದರ ಕೆಲಸ ಇದು. ಮೈಯಾಗಿನ ನೀರು ಇಳಸತೈತಿ, ಕೆಲವು ಗಂಡಸರಿಗೆ ಎದಿ ಬೆಳಸತೈತಿ. ನೀವಾಗೇ ಮಾತ್ರಿ ಬಿಡಬ್ಯಾಡ್ರಿ, ನಾನು ಬ್ಯಾರೆ ಬರದು ಕೊಡ್ತೀನಿ."

"ಇಷ್ಟು ಸಣ್ಣ ಮಾತ್ರಿ, ಇಲ್ಲದ್ದನ್ನ ಎಲ್ಲಿಂದ ತಂತವ್ವ?" ಎಂದ ಪಾಲಾಕ್ಷಪ್ಪ.

"ತರಲಿಲ್ಲ ಯಜಮಾನ್ರ. ಹುಟ್ಟಿದಾಗಿಂದ ನಿಮ್ಮೊಳಗ ಮಲಗಿತ್ತು. ಎಲ್ಲಾ ಗಂಡಸರಾಗೂ ಮೊಲಿಯ ಬೇರು ಇರತೈತಿ. ಈ ಮಾತ್ರಿ ಎಬ್ಬಿಸ್ತು, ಅಷ್ಟ."

ಪಾಲಾಕ್ಷಪ್ಪನ ಮೈ ಜುಮ್ಮೆಂದಿತು. ದೇವಿ ಕರೆದಳೆಂದು ಈರಕ್ಕ ಹೇಳಿದಾಗಲೂ ಹಾಗಾಗಿರಲಿಲ್ಲ. ತಾಯಿ ಸತ್ತ ಕುರಿಮರಿಗಳನ್ನು ಅವುಚಿಕೊಂಡು ಬಾಟಲಿ ಹಾಲು ಕುಡಿಸುವಾಗ, ಅವು ಬಾಟಲಿ ಬಿಟ್ಟು ಅವನ ಎದೆಯನ್ನೇ ತಡಕುತ್ತಿದ್ದವು. "ಥೂ, ಇಲ್ಲೇನೈತಿ ಅಂತ!" ಎಂದು ಎಷ್ಟೋ ವರ್ಷ ಬೈದು ಸರಿಸಿದ್ದ.

ಹೊರಗೆ ಬಂದವನು ಕಂಬಳಿಯನ್ನು ಹೆಗಲಿಗೆಸೆದು ಈರಕ್ಕನಿಗೆ ಹೇಳಿದ: "ಮರಿಗಳಿಗೆ ಮೊದಲ ಗೊತ್ತಿತ್ತು ನೋಡಲೇ."