ಹಸಿರು ಬಳಿದ ಸುಣ್ಣವ್ವ

ಕರ್‌ರ್‌ರ್... ಟಕ್. ಅಕ್ಕಿ ಚೀಲದ ಬಾಯಿ ಹೊಲಿಯುವ ಕೈಮಿಷನ್ನಿನ ಸದ್ದು. ಸಿರುಗುಪ್ಪದ ಗಿರಣಿಯೊಂದರಲ್ಲಿ ಎರ್ರೆಪ್ಪನ ದಿನ ಈ ಸದ್ದಿನಲ್ಲೇ ಬೆಳಗಾಗಿ ಈ ಸದ್ದಿನಲ್ಲೇ ಇಳಿಯುತ್ತದೆ. ಹಮಾಲರು ತುಂಬಿದ ಚೀಲವನ್ನು ಅವನ ಮುಂದೆ ತಂದು ನಿಲ್ಲಿಸುತ್ತಾರೆ. ಅವನು ತುಂಟ ಹುಡುಗನ ಕಿವಿ ಹಿಡಿದಂತೆ ಅದರ ಎರಡು ತುದಿ ಹಿಡಿದು, ಮಿಷನ್ನು ಓಡಿಸಿ, ದಾರ ಕಡಿದು, ಚೀಲದ ಬೆನ್ನಿಗೆ ಅಂಗೈಯಿಂದ ಒಂದು ಪೆಟ್ಟು ಕೊಟ್ಟು ಕಳಿಸುತ್ತಾನೆ. ಆ ಪೆಟ್ಟು ಯಾಕೆಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಕೈ ಕಲಿತುಬಿಟ್ಟಿದೆ.

ಹುಟ್ಟಿದ್ದು ಕರೂರಿನಲ್ಲಿ. ಅಪ್ಪ ಮಂದಿಯ ಭತ್ತದ ಗದ್ದೆಯಲ್ಲಿ ನೀರು ಕಟ್ಟುತ್ತಿದ್ದ. ಮದುವೆಯಾದ ವರ್ಷ ಗಿರಣಿ ಕೆಲಸ ಸಿಕ್ಕಿತೆಂದು ಎರ್ರೆಪ್ಪ ಹೆಂಡತಿ ಹೊನ್ನೂರಮ್ಮನೊಂದಿಗೆ ಸಿರುಗುಪ್ಪಕ್ಕೆ ಬಂದು, ಗಿರಣಿಯ ಹಿಂದಿನ ಓಣಿಯಲ್ಲಿ ತಗಡಿನ ಮನೆ ಹಿಡಿದ. ಪಾರಿವಾಳದ ಹುಚ್ಚು ಆಗ ಇರಲಿಲ್ಲ. ಅದನ್ನು ತಂದಿಟ್ಟವನು ಅಕ್ಕಿ ಲಾರಿಯ ಡ್ರೈವರ್ ಖಾಜಾಸಾಬ. "ಎರಡು ದಿನ ನೋಡ್ಕೋ, ಬಂದು ಒಯ್ತೀನಿ" ಎಂದು ಒಂದು ಜೋಡಿಯನ್ನು ಬುಟ್ಟಿಯಲ್ಲಿ ಬಿಟ್ಟುಹೋದವನು ಬಂದದ್ದು ಮಳೆಗಾಲ ಕಳೆದ ಮೇಲೆ. ಅಷ್ಟರಲ್ಲಿ ಪಾರಿವಾಳಗಳು ತಗಡಿನ ಸಂದಿಯಲ್ಲಿ ಮೊಟ್ಟೆಯಿಟ್ಟು, ಮರಿ ಮಾಡಿ, ಹೊನ್ನೂರಮ್ಮನ ಅಕ್ಕಿ ಮೊರಕ್ಕೆ ಬಾಯಿ ಹಾಕುವಷ್ಟು ಸಲಿಗೆ ಬೆಳೆಸಿದ್ದವು. ಖಾಜಾಸಾಬ ನೋಡಿ ನಕ್ಕ. "ಇನ್ನು ಇವು ನನ್ನವಲ್ಲೋ. ಒಯ್ದ್ರೂ ತಿರುಗಿ ನಿನ್ನ ಮನಿಗೇ ಬರ್ತಾವ. ಇಟ್ಕೋ."

ಅಲ್ಲಿಂದ ಸುರುವಾಯಿತು. ಗಿರಣಿಯ ನುಚ್ಚು ಇತ್ತು, ಒಡೆದ ಮರದ ಪೆಟ್ಟಿಗೆಗಳಿದ್ದವು. ತಗಡಿನ ಮೇಲೆ ಗೂಡು ಎದ್ದಿತು. ಮರಿಗಳಿಗೆ ರೆಕ್ಕೆ ಬಲಿತಾಗ ಅವನ್ನು ದೂರ ಒಯ್ದು ಬಿಟ್ಟು ಮನೆಗೆ ಹಾರಿ ಬರುವುದನ್ನು ಕಲಿಸಬೇಕು. ಎರ್ರೆಪ್ಪ ಅದಕ್ಕೆ ಆರಿಸಿಕೊಂಡದ್ದು ಕುರುಗೋಡನ್ನು. ರಜೆಯ ದಿನ ಮೊದಲ ಬಸ್ಸಿಗೆ ಬುಟ್ಟಿ ಹಿಡಿದು ಹೋಗುತ್ತಿದ್ದ. ಬಸವೇಶ್ವರನ ಗುಡಿಗೆ ಕೈಮುಗಿದು, ಊರಾಚೆಯ ಬಂಡೆ ಹತ್ತಿ, ಉತ್ತರಕ್ಕೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತು, ಹಕ್ಕಿಯ ಎದೆಗೆ ಎರಡೂ ಅಂಗೈ ಕೊಟ್ಟು, ಒಂದು ಉದ್ದ ಸಿಳ್ಳೆ ಹಾಕಿ ಮೇಲಕ್ಕೆ ತೂರುತ್ತಿದ್ದ. ಅವನು ಮರುಬಸ್ಸಿಗೆ ಸಿರುಗುಪ್ಪಕ್ಕೆ ಬಂದಿಳಿಯುವ ಹೊತ್ತಿಗೆ ಹಕ್ಕಿ ತಗಡಿನ ಮೇಲೆ ಕೂತು ಪುಕ್ಕ ತಿದ್ದುತ್ತಿರುತ್ತಿತ್ತು. "ಟಿಕೀಟಿನ ಖರ್ಚು ನಿನಗಷ್ಟೇ" ಎಂದು ಹೊನ್ನೂರಮ್ಮ ಗೇಲಿ ಮಾಡುತ್ತಿದ್ದಳು.

ಎಷ್ಟೋ ಹಕ್ಕಿಗಳು ಬಂದವು, ಹೋದವು. ಕೆಲವನ್ನು ಮೇಲಿಂದ ಎರಗಿ ಡೇಗೆ ಹೊಡೆಯಿತು, ಕೆಲವನ್ನು ಬೆಕ್ಕು. ಈಗ ಇರುವವುಗಳಲ್ಲಿ ಅವನ ಜೀವವೆಂದರೆ ಒಂದು ಬಿಳಿ ಹೆಣ್ಣು. ಮೈಯಲ್ಲಿ ಒಂದು ಚುಕ್ಕೆಯಿಲ್ಲ. ಹೊಸದಾಗಿ ಸುಣ್ಣ ಹೊಡೆದ ಗೋಡೆಯಂತಿದ್ದ ಅದಕ್ಕೆ ಹೊನ್ನೂರಮ್ಮನೇ ಸುಣ್ಣವ್ವ ಎಂದು ಹೆಸರಿಟ್ಟಿದ್ದಳು.

ಆ ಬಿಳುಪೇ ಅದನ್ನು ಸಿನಿಮಾಕ್ಕೆ ಸೇರಿಸಿತು.

ಬಳ್ಳಾರಿಯ ಅಮರೇಶ್ ಮದುವೆ ವಿಡಿಯೊ ತೆಗೆಯುವವನು. ಅಜ್ಜಿಯಂದಿರು ಮಕ್ಕಳನ್ನು ಮಲಗಿಸಲು ಹೇಳುವ ಹಳೆಯ ಕಥೆಯನ್ನು ಈಗಿನ ಕಾಲಕ್ಕೆ ತಂದು ಸಿನಿಮಾ ಮಾಡಬೇಕೆಂದು ಅವನಿಗೆ ಬಹಳ ದಿನದ ಆಸೆ. ಏಳು ಸಮುದ್ರದಾಚೆ ಒಬ್ಬ ರಾಕ್ಷಸ. ಅವನ ಜೀವ ಒಂದು ಗಿಳಿಯೊಳಗೆ. ಗಿಳಿ ಯಾರ ಕೈಗೆ ಸಿಗುತ್ತದೋ ರಾಕ್ಷಸ ಅವರ ಕೈಯಲ್ಲಿ. ಅಮರೇಶನ ಸಿನಿಮಾದಲ್ಲಿ ರಾಕ್ಷಸ ಲೇಔಟ್ ಮಾಡಿ ಸೈಟು ಮಾರುವ ಧಣಿ. ಕಪ್ಪು ಕನ್ನಡಕ, ಕೊರಳಲ್ಲಿ ಹಿತ್ತಾಳೆಯ ದಪ್ಪ ಸರ. ಸೆರೆಯಲ್ಲಿರುವ ರಾಜಕುಮಾರಿ ಅವನ ಆಫೀಸಿನಲ್ಲಿ ಫೋನೆತ್ತುವ ಹುಡುಗಿ. ಏಳು ಸಮುದ್ರಗಳನ್ನೂ ಸಿರುಗುಪ್ಪದ ಬಳಿ ಒಂದೇ ಕಾಲುವೆಯಲ್ಲಿ ತೆಗೆದದ್ದಾಗಿತ್ತು: ಒಂದು ಬೆಳಗಿನಲ್ಲಿ, ಒಂದು ಬಿಸಿಲಲ್ಲಿ, ಒಂದು ಎಮ್ಮೆಗಳು ಇಳಿದಾಗ. ರಾಜಕುಮಾರನ ಪಾತ್ರ ಒಪ್ಪಿಕೊಂಡಿದ್ದವನು ಅಕ್ಕನ ಬಾಣಂತನಕ್ಕೆ ಓಡಾಡುತ್ತಾ ಶೂಟಿಂಗಿಗೆ ಬರಲೇ ಇಲ್ಲವಾದ್ದರಿಂದ ಕಥೆಯಲ್ಲಿ ರಾಜಕುಮಾರನಿರಲಿಲ್ಲ. ಹುಡುಗಿ ತಾನೇ ಗಿಳಿಯನ್ನು ಹುಡುಕಿಕೊಳ್ಳುತ್ತಿದ್ದಳು.

ರಾಕ್ಷಸನಾಗಿದ್ದವನು ರಾಮಾಂಜಿನಿ, ಎರ್ರೆಪ್ಪನ ಗಿರಣಿಯ ಹಮಾಲ. ಬಾಗಿಲು ಬಗ್ಗಿ ದಾಟಬೇಕಾದ ಆಳು, ಇರುವೆ ಕಂಡರೆ ಕಾಲೆತ್ತಿಡುವ ಸ್ವಭಾವ. ಗಿಳಿ ಸಾಕುವುದು ಕಾನೂನಿಗೆ ವಿರುದ್ಧವೆಂದು ಅಮರೇಶ್ ತಲೆ ಕೆಡಿಸಿಕೊಂಡಾಗ, "ನಮ್ಮ ಎರ್ರೆಪ್ಪನ ಹತ್ರ ಒಂದು ಬಿಳೀದು ಐತಿ. ಬಣ್ಣ ಹಚ್ಚಿದ್ರ ಯಾರ್ ಕೇಳ್ತಾರ?" ಎಂದು ಅಮರೇಶನನ್ನು ಎರ್ರೆಪ್ಪನ ಮನೆಗೆ ಕರೆತಂದವನು ಇವನೇ.

ಎರ್ರೆಪ್ಪ ಮೊದಲು ಒಪ್ಪಲಿಲ್ಲ. "ಕಥಿಯೊಳಗ ಗಿಳಿ ಕುತ್ತಿಗಿ ಮುರೀತಾರ" ಎಂದ.

"ನಮ್ಮ ಕಥಿಯೊಳಗ ಮುರಿಯಂಗಿಲ್ಲಣ್ಣ" ಎಂದ ಅಮರೇಶ್. "ಹುಡುಗಿ ಕೈಯಾಗ ಹಿಡ್ಕಂಡು ನಿಂತಿರ್ತಾಳ. ರಾಕ್ಷಸ ಕಾಲಿಗೆ ಬೀಳ್ತಾನ. ಅಲ್ಲಿಗೆ ಮುಗೀತು."

ಎರ್ರೆಪ್ಪ ರಾತ್ರಿಯೆಲ್ಲ ಯೋಚಿಸಿದ. ಇಷ್ಟು ವರ್ಷ ಸಾಕಿದ ಹಕ್ಕಿಗಳನ್ನು ಈ ಓಣಿಯ ಮಂದಿ ಬಿಟ್ಟರೆ ಯಾರೂ ನಿಂತು ನೋಡಿರಲಿಲ್ಲ. ಬೆಳಿಗ್ಗೆ ಹೆಂಡತಿಗೆ ಹೇಳಿದ: "ಒಂದ್ಸಲ ನಾಕು ಜನ ನೋಡ್ಲಿ ಬಿಡು ನಮ್ಮ ಸುಣ್ಣವ್ವನ್ನ."

"ಹಸರು ಬಳದ ಮ್ಯಾಲ ಅಕಿ ಸುಣ್ಣವ್ವ ಹೆಂಗಾಗ್ತಾಳ?" ಎಂದಳು ಹೊನ್ನೂರಮ್ಮ.

ಅಂಗಡಿಯ ಬಣ್ಣ ಬೇಡವೆಂದು ಎರ್ರೆಪ್ಪ ಹಟ ಹಿಡಿದ. ಹಕ್ಕಿ ಪುಕ್ಕವನ್ನು ಕೊಕ್ಕಿನಿಂದ ತಿದ್ದಿಕೊಳ್ಳುತ್ತದೆ, ಹೊಟ್ಟೆಗೆ ಹೋದೀತು. ಅರಿಷಿಣಕ್ಕೆ ಬಟ್ಟೆಗೆ ಹಾಕುವ ನೀಲಿ ಬೆರೆಸಿದ. ಒಳ್ಳೆಯ ಹಸಿರೇ ಬಂತು. ಆದರೆ ಮೊದಲ ಸಲ ಹಚ್ಚಿದಾಗ, ಹಕ್ಕಿಯನ್ನು ಹಿಡಿದು ನೋಡಲು ಬಂದಿದ್ದ ರಾಜಕುಮಾರಿಯ ಪಾತ್ರದ ಪೂಜಿತಾಳ ಅಂಗೈಗೆಲ್ಲ ಮೆತ್ತಿಕೊಂಡಿತು. ಹೊನ್ನೂರಮ್ಮ ಅನ್ನ ಬಸಿಯುತ್ತಿದ್ದಳು. ಬಣ್ಣ ಕಚ್ಚಿ ನಿಲ್ಲಲೆಂದು ಎರ್ರೆಪ್ಪ ಅವಳ ಕೈಯಿಂದ ಗಂಜಿಯ ಬೋಗುಣಿ ತೆಗೆದುಕೊಂಡ. ಆ ಓಣಿಯಲ್ಲಿ ಗಂಜಿಯಿಂದ ಆಗದ ಕೆಲಸವಿಲ್ಲ. ಗಾಳಿಪಟ ಅಂಟಿಸುವುದು ಗಂಜಿ, ಗೋಡೆಗೆ ಪೋಸ್ಟರ್ ಹಚ್ಚುವುದು ಗಂಜಿ, ಪಂಚೆ ನೆಟ್ಟಗೆ ನಿಲ್ಲುವುದು ಗಂಜಿಯಿಂದ.

"ಅದು ಹಕ್ಕಿ ಅಲ್ಲೇನು? ಇಸ್ತ್ರಿ ಮಾಡೋ ಸೀರಿಯೇನು?" ಎಂದಳು ಅವಳು.

"ಅಕಿ ಹಾರೋದೈತೇನು ಅಲ್ಲಿ? ಸುಮ್ಮನ ಕೈಯಾಗ ಕುಂದ್ರೋದು" ಎಂದು ಎರ್ರೆಪ್ಪ ರೆಕ್ಕೆ ಬಿಡಿಸಿ, ಒಂದೊಂದೇ ಗರಿಗೆ ಹಸಿರು ಗಂಜಿ ಸವರಿದ. ಒಣಗಿದ ಮೇಲೆ ಸುಣ್ಣವ್ವ ನಿಜಕ್ಕೂ ಗಿಳಿಯಂತೆ ಕಂಡಳು, ಒಂದಿಷ್ಟು ದಪ್ಪ ಗಿಳಿ.

ಕೊನೆಯ ದೃಶ್ಯವನ್ನು ಕುರುಗೋಡಿನ ಬಂಡೆಯ ಮೇಲೆ ತೆಗೆಯುವುದೆಂದು ಅಮರೇಶ್ ಗೊತ್ತು ಮಾಡಿದ್ದ. ಎರ್ರೆಪ್ಪ ಗಿರಣಿಗೆ ರಜೆ ಹೇಳಿ, ಎಂದಿನ ಮೊದಲ ಬಸ್ಸು ಹಿಡಿದು, ಎಂದಿನಂತೆ ಗುಡಿಗೆ ಕೈಮುಗಿದು ಬಂಡೆ ಹತ್ತಿದ. ಅಮರೇಶ್ ಕ್ಯಾಮೆರಾ ಇಟ್ಟಿದ್ದ. ಪೂಜಿತಾ ಬಂಡೆಯ ಅಂಚಿನಲ್ಲಿ ನಿಂತಿದ್ದಳು. ರಾಮಾಂಜಿನಿ ರೇಷ್ಮೆ ಶರ್ಟಿನಲ್ಲಿ ಬೆವರುತ್ತಿದ್ದ.

"ಅಣ್ಣ, ಬುಟ್ಟಿಯಿಂದ ತೆಗದು ಪೂಜಿತಾನ ಕೈಗೆ ಕೊಟ್ಟು ಸರೀರಿ. ಅಷ್ಟ. ಕ್ಯಾಮೆರಾ ಓಡಾಕತ್ತೈತಿ" ಎಂದ ಅಮರೇಶ್.

ಎರ್ರೆಪ್ಪ ಕುಕ್ಕರಗಾಲಲ್ಲಿ ಕೂತು ಬುಟ್ಟಿಯ ಮುಚ್ಚಳ ತೆರೆದ. ಎದುರಿಗೆ ಉತ್ತರದ ಬಯಲು. ಹಿತವಾದ ಗಾಳಿ. ಅಂಗೈಗಳು ಹಕ್ಕಿಯ ಎದೆಯಡಿಗೆ ಸರಿದವು, ಬೆರಳಿಗೆ ಅದರ ಗುಂಡಿಗೆಯ ಬಡಿತ ತಾಕಿತು. ಇದೇ ಬಂಡೆ, ಇದೇ ಹೊತ್ತು, ಇದೇ ಗಾಳಿ. ಅವನ ಬಾಯಿಂದ ಉದ್ದ ಸಿಳ್ಳೆ ಹೊರಟಿತು. ಕೈಗಳು ಮೇಲೆದ್ದವು. ಬಿಟ್ಟವು.

ಬಿಟ್ಟ ಮೇಲೆ ಅವನಿಗೆ ಗೊತ್ತಾಯಿತು.

ಸುಣ್ಣವ್ವ ಎದ್ದಳು. ಒಂದು ಸುತ್ತು ಹಾಕಿದಳು. ಎಂದಿನ ಪಟಪಟ ಇರಲಿಲ್ಲ. ಒಣಗಿದ ತೊಗಲು ಬಡಿದಂತೆ ಒರಟು ಸದ್ದು. ಒಮ್ಮೆ ಬಂಡೆಗಳ ಮಟ್ಟಕ್ಕೆ ಕುಸಿದಳು, ಮತ್ತೆ ಹೇಗೋ ಏರಿದಳು, ಉತ್ತರಕ್ಕೆ ತಿರುಗಿ ಹಸಿರು ಚುಕ್ಕೆಯಾಗಿ ಹೋದಳು.

ರಾಮಾಂಜಿನಿ ಕನ್ನಡಕ ತೆಗೆದು ಬಾಯಿ ಬಿಟ್ಟು ಆಕಾಶ ನೋಡುತ್ತಿದ್ದ. "ಲೇ ಎರ್ರೆಪ್ಪ! ನನ್ ಜೀವಾನ ಹಾರಿಸಿಬಿಟ್ಟೆಲ್ಲೋ!"

ಯಾರೂ ನಗಲಿಲ್ಲ. ಪೂಜಿತಾ ಖಾಲಿ ಕೈಗಳನ್ನು ಇನ್ನೂ ಮುಂದೆ ಚಾಚಿಕೊಂಡೇ ಇದ್ದಳು.

"ಅಣ್ಣ, ಏನ್ ಮಾಡಿದ್ರಿ ಇದು?" ಅಮರೇಶನ ದನಿ ಸಣ್ಣಗಾಗಿತ್ತು. "ಬಣ್ಣ ಹಚ್ಚಿದ್ದು ಇರೋದು ಒಂದ ಹಕ್ಕಿ."

"ನಾ ಮಾಡ್ಲಿಲ್ಲಪ್ಪ" ಎಂದ ಎರ್ರೆಪ್ಪ, ಅಂಗೈಗಳನ್ನು ನೋಡಿಕೊಳ್ಳುತ್ತಾ. "ಇವು ಮಾಡಿದ್ವು."

ಹಗುರ ರೆಕ್ಕೆಯ ಹಕ್ಕಿಯಾದರೆ ಅವನು ಊಟ ಮುಗಿಸುವಷ್ಟರಲ್ಲಿ ಮನೆ ಸೇರುತ್ತಿತ್ತು. ಗಂಜಿ ಕುಡಿದ ರೆಕ್ಕೆ ಎಲ್ಲಿಯವರೆಗೆ ಹೊತ್ತೀತು? ಬಲ ಸಾಲದ ಹಕ್ಕಿ ಬಿಟ್ಟ ಜಾಗಕ್ಕೇ ತಿರುಗಿ ಬರುವುದೂ ಉಂಟು. ಅದಕ್ಕೆ ಅವನು ಬಂಡೆ ಬಿಟ್ಟು ಕದಲಲಿಲ್ಲ. ಉಳಿದವರು ಕೆಳಗಿಳಿದು ಮಂಡಾಳು, ಮಿರ್ಚಿ ಕಟ್ಟಿಸಿಕೊಂಡು ಬಂದರು. ಅವನ ಪಾಲು ಕಾಗದದಲ್ಲೇ ಆರಿತು. ಹೊನ್ನೂರಮ್ಮನಿಗೆ ಫೋನು ಮಾಡಿದ.

"ಸುಣ್ಣವ್ವ ಬಂದಳೇನು?"

"ಅಕಿ ನಿನ್ನ ಕೂಡ ಅದಾಳಲ್ಲ!"

ಹೇಳಿದ.

"ಗಂಜಿ ಬ್ಯಾಡ ಅಂದ್ನಿಲ್ಲೋ?"

"ಅಂದಿ."

"ಹಾರೋದೈತೇನು ಅಂದ್ಯಲ್ಲ, ಈಗ ಹಾರಿತಲ್ಲ! ಮುದುಕ ಆದ್ಯೋ ನೀನು. ಕೈ ನಿನ್ನ ಮಾತ ಕೇಳವಲ್ಲವು." ಬೈಯುತ್ತಲೇ ಅವಳು ಏಣಿ ಹತ್ತುತ್ತಿರುವುದು ಅವನಿಗೆ ಕೇಳಿಸುತ್ತಿತ್ತು; ತಗಡು ಕಿರುಗುಟ್ಟಿತು. "ಇಲ್ಲ. ಗೂಡಿನಾಗ ಅಕಿ ಜೋಡಿ ಗಂಡು ಒಂದ ಕುಂತೈತಿ."

ಎರಡನೆಯ ಸಲ ಮಾಡಿದಾಗಲೂ ಇಲ್ಲ. ಮೂರನೆಯ ಸಲ ಅವಳು ಬೈಯಲಿಲ್ಲ. ಅದರಿಂದ ಅವನಿಗೆ ಹೆಚ್ಚು ಹೆದರಿಕೆಯಾಯಿತು. ದೂರದಲ್ಲಿ ಒಂದು ಡೇಗೆ ಸುತ್ತು ಹಾಕುತ್ತಿತ್ತು. ಹೊಲದ ಮೇಲೆ ಹಸಿರು ಹಕ್ಕಿ ಅದರ ಕಣ್ಣಿಗೆ ಬೀಳುವುದಿಲ್ಲವೆಂದು ಒಮ್ಮೆ ಸಮಾಧಾನ ಮಾಡಿಕೊಂಡ. ಅಷ್ಟು ಕೆಳಗೆ, ಅಷ್ಟು ನಿಧಾನಕ್ಕೆ ಹಾರುವ ಹಕ್ಕಿಗೆ ಬಣ್ಣ ಯಾವುದಾದರೇನು ಎಂದು ಮರುಗಳಿಗೆಗೆ ಅದನ್ನೂ ಕಳೆದುಕೊಂಡ.

ರಾಮಾಂಜಿನಿ ಹಿತ್ತಾಳೆ ಸರ ಜೇಬಿಗಿಟ್ಟುಕೊಂಡು ಪಕ್ಕ ಕೂತ. "ನಾನ ಕರಕೊಂಡು ಬಂದೆಲ್ಲ. ನನಗ ಬೈ."

"ನಿನಗ್ಯಾಕ ಬೈಲಿ? ರಾಕ್ಷಸನೂ ಆಗ್ಲಿಲ್ಲ ನಿನ್ನ ಕೈಲಿ."

ಬಿಸಿಲು ಬಂಡೆಯಿಂದ ಇಳಿಯತೊಡಗಿತ್ತು. ಸ್ವಲ್ಪ ದೂರದಲ್ಲಿ ಅಮರೇಶ್ ತಲೆಯ ಮೇಲೆ ಟವೆಲ್ ಹೊದ್ದುಕೊಂಡು ಕ್ಯಾಮೆರಾದ ಪರದೆಯಲ್ಲಿ ಬೆಳಗಿನದನ್ನು ನೋಡುತ್ತಿದ್ದ. ನೋಡಿದ, ಮತ್ತೆ ಹಿಂದೆ ತಿರುಗಿಸಿ ನೋಡಿದ. ಪೂಜಿತಾಳನ್ನು ಕರೆದು ತೋರಿಸಿದ. ಆಮೇಲೆ ಎದ್ದು ಓಡಿಬಂದ.

"ಅಣ್ಣ! ಎರ್ರೆಪ್ಪಣ್ಣ! ಬಂದೈತ್ರಿ, ಅಗದೀ ಚಲೋ ಬಂದೈತಿ. ಹಕ್ಕಿ ಹಾರೋದು, ಆಮ್ಯಾಲ ಇವನ ಮಾರಿ. ನಾ ಹೇಳ್ಕೊಟ್ಟಿದ್ರ ಇವನಿಗೆ ಇಂಥ ಮಾರಿ ಬರ್ತಿರ್ಲಿಲ್ಲ. ಇದ ಕೊನಿ ಅಣ್ಣ ನಮ್ಮ ಸಿನಿಮಾಕ್ಕ. ಹುಡುಗಿ ಹಿಡಿಯಂಗಿಲ್ಲ, ಬಿಡ್ತಾಳ. ಬರೇ ಒಂದು ಶಾಟ್ ಕಮ್ಮಿ ಐತಿ..."

ಎರ್ರೆಪ್ಪನ ಫೋನು ಬಡಿದುಕೊಂಡಿತು. ಅವನು ಅಮರೇಶನಿಗೆ ಕೈ ಅಡ್ಡ ಹಿಡಿದ.

"ಬಂದಾಳ!" ಹೊನ್ನೂರಮ್ಮ ಏದುಸಿರು ಬಿಡುತ್ತಿದ್ದಳು. "ಪಕ್ಕದ ಮನಿ ವೀರಭದ್ರಮ್ಮನ ನೀರಿನ ಟ್ಯಾಂಕಿ ಮ್ಯಾಲ ಕುಂತಾಳ. ಬಾಯಿ ಬಿಡಾಕತ್ತಾಳ. ಆದ್ರ ಗೂಡಿಗೆ ಬರಾಕ ನಮ್ಮ ಗಂಡು ಬಿಡವಲ್ದು. ಹತ್ರ ಬಂದ್ರ ಕುಟುಕಿ ಓಡಿಸ್ತೈತಿ. ಯಾವುದೋ ಹೊಸ ಹಕ್ಕಿ ಅಂತ ತಿಳಕೊಂಡೈತಿ, ಮೂಳ."

ಎರ್ರೆಪ್ಪ ಕಣ್ಣು ಮುಚ್ಚಿದ. "ನುಚ್ಚು ತೋರಿಸು."

"ತೋರಿಸಿದೆ. ಇಳೀವಲ್ಲಳು."

"ಫೋನು ಅಕಿ ಕಡಿ ಹಿಡಿ."

ಅವನು ಫೋನಿಗೆ ಬಾಯಿಟ್ಟು ಸಿಳ್ಳೆ ಹಾಕಿದ. ಪೂಜಿತಾ, ರಾಮಾಂಜಿನಿ ಹತ್ತಿರ ಬಂದು ಕಿವಿಗೊಟ್ಟರು. ಇನ್ನೊಮ್ಮೆ ಹಾಕಿದ.

"ತಲಿ ತಿರುವಿದಳು" ಎಂದಳು ಹೊನ್ನೂರಮ್ಮ. "ನನ್ನ ನೋಡ್ತಾಳ, ಫೋನ್ ನೋಡ್ತಾಳ. ಇಳೀವಲ್ಲಳು. ನೀನ ಬಾ. ಕತ್ತಲಾದ್ರ ಟ್ಯಾಂಕಿಗೆ ಬೆಕ್ಕು ಹತ್ತತೈತಿ. ಬಿಸಿನೀರು ಕಾಸಿಡ್ತೀನಿ, ತೊಳಿಯೋಣು."

"ಬಂದೆ."

ಫೋನು ಜೇಬಿಗಿಡುವುದರೊಳಗೆ ಅಮರೇಶ್ ಮತ್ತೆ ಸುರು ಮಾಡಿದ್ದ. "ಮನಿ ಮುಟ್ಟಿತಲ್ಲಣ್ಣ, ಆತಲ್ಲ! ಚಲೋ ಆತು. ನೋಡ್ರಿ, ತೊಳಿಯೋದು ಒಂದಿನ ತಡೀರಿ. ಬಣ್ಣ ಹಂಗ ಇರ್ಲಿ. ನಾಳಿ ನಾನ ಸಿರುಗುಪ್ಪಕ್ಕ ಬರ್ತೀನಿ. ಒಂದು ಕ್ಲೋಸಪ್, ಬರೇ ಕಣ್ಣು. ಹಾರೋದೇನಿಲ್ಲ, ಪಂಜರದಾಗ ಸುಮ್ಮನ ಕುಂತ್ರ ಸಾಕು. ನಿಮ್ಮ ಹೆಸರೂ ಹಾಕ್ತೀನಿ ದೊಡ್ಡದಾಗಿ, ರಾಮಾಂಜಿನಿ ಹೆಸರಿನ ಕೆಳಗ..."

ಎರ್ರೆಪ್ಪ ಬುಟ್ಟಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂಡೆ ಇಳಿಯತೊಡಗಿದ.

"ಮ್ಯಾಲ ಬೇಕಾದ್ರ ಮ್ಯಾಲ ಹಾಕ್ತೀನಿ! ಅಣ್ಣ, ಕೇಳ್ರಿ ಇಲ್ಲಿ, ಅರ್ಧ ತೊಳೀರಿ ಬೇಕಾದ್ರ, ಒಂದು ಕಡಿ ಅಷ್ಟ..."

ಕೆಳಗೆ ಸಿರುಗುಪ್ಪದ ಬಸ್ಸು ನಿಂತಿತ್ತು. ಡ್ರೈವರ್ ಬೀಡಿ ಎಸೆದು ಮೇಲೆ ಹತ್ತುತ್ತಿದ್ದ. ಎರ್ರೆಪ್ಪ ಚಪ್ಪಲಿ ಕಳಚಿ ಬುಟ್ಟಿಗೆ ಹಾಕಿಕೊಂಡು, ಬರಿಗಾಲಲ್ಲಿ ಓಡಿದ.