ಹಾಡಿನ ಟೀಚರ್ ತಂದ ಅಡಾಪ್ಟರ್

ಮೊನ್ನೆ ಒಂದು ಲ್ಯಾಪ್‌ಟಾಪ್ ಚಾರ್ಜರ್ ಬಿಚ್ಚಿ, ಅದರ ಟ್ರಾನ್ಸ್‌ಫಾರ್ಮರಿಗೆ ವಾರ್ನಿಷ್ ಹಚ್ಚಿ ಒಣಗಲು ಇಟ್ಟಿದ್ದೆ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿರುವ ನನ್ನ ರಿಪೇರಿ ಅಂಗಡಿ ಬಹಳ ಚಿಕ್ಕದು. ಅರೆಗಳಿಗೆಯಲ್ಲಿ ಒಳಗೆಲ್ಲ ವಾರ್ನಿಷ್ ವಾಸನೆ ತುಂಬಿಕೊಂಡಿತು. ಹಾಡಿನ ಟೀಚರ್ ನೆನಪಾದರು...

ಅವರು ಧಾರವಾಡದ ಕಡೆಯವರು. ಗಂಡ ತೀರಿಕೊಂಡ ಮೇಲೆ ಕಗ್ಗದಾಸಪುರದಲ್ಲಿ ಮಗಳ ಮನೆಗೆ ಬಂದು, ಅಲ್ಲಿಯೇ ಹಾಲ್‌ನಲ್ಲಿ ಸಂಗೀತ ಪಾಠ ಹೇಳುತ್ತಿದ್ದರು. ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಎಲೆಕ್ಟ್ರಾನಿಕ್ ತಂಬೂರಿಯನ್ನೂ ಅದರ ಅಡಾಪ್ಟರನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬಂದಿದ್ದರು.

“ಇದರಾಗ ಏನೋ ಕುಂಯ್ ಅಂತದ ನೋಡಪಾ. ಮನ್ಯಾಗ ಯಾರಿಗೂ ಕೇಳಸೂದಿಲ್ಲ. ನನ್ನ ಕಿವೀದ ದೋಷ ಅಂತಾರ” ಎಂದರು.

ನಾನು ಅಡಾಪ್ಟರನ್ನು ಎಕ್ಸ್‌ಟೆನ್ಷನ್ ವೈರಿಗೆ ಚುಚ್ಚಿ ಕಿವಿ ಹತ್ತಿರ ಹಿಡಿದೆ. ಸೊಳ್ಳೆಯಂಥ ಸಣ್ಣ ಸದ್ದು ನಿಜವಾಗಿಯೂ ಇತ್ತು. “ನನಗೂ ಕೇಳಿಸ್ತಿದೆ ಅಮ್ಮಾ” ಎಂದೆ. ಅವರು ಸ್ಟೂಲಿನ ಮೇಲೆ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡರು. ಬಿಸಿಲಿಗೆ ಬಂದ ಬೆವರೆಂದುಕೊಂಡಿದ್ದೆ. ಅದು ಬೆವರಾಗಿರಲಿಲ್ಲ.

ತಂಬೂರಿಯನ್ನು ಬ್ಯಾಟರಿಯಲ್ಲಿ ನುಡಿಸಿದರೆ ನಾದ ಶುದ್ಧವಾಗಿತ್ತು. ಹಾಗಾಗಿ ತೊಂದರೆ ಅಡಾಪ್ಟರಿನದೇ. ಬಿಚ್ಚಿ ನೋಡಿದೆ. ಒಂದು ಕೆಪಾಸಿಟರಿನ ತಲೆ ಉಬ್ಬಿತ್ತು. ಅದನ್ನು ಬದಲಾಯಿಸಿದೆ. ಸದ್ದು ನಿಂತಿತೆಂದು ನನಗೆ ಅನ್ನಿಸಿತು. ಅವರು ಕಣ್ಣು ಮುಚ್ಚಿಕೊಂಡೇ “ಇನ್ನೂ ಅದ” ಎಂದರು. ಒಣ ಬಿದಿರುಕಡ್ಡಿಯಿಂದ ಒಳಗಿನ ಭಾಗಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತುತ್ತ ಹೋದೆ. ಟ್ರಾನ್ಸ್‌ಫಾರ್ಮರ್ ಒತ್ತಿದಾಗ “ನಿಂತ್ತು” ಎಂದರು. ಕಡ್ಡಿ ಎತ್ತಿದೆ. “ಬಂತು” ಎಂದರು. ಅದರ ಸುರುಳಿಯ ನಡುವಿನ ತಿರುಳು ಸಡಿಲವಾಗಿ ನಡುಗುತ್ತಿತ್ತು. ವಾರ್ನಿಷ್ ಹಾಕಿ ಭದ್ರಪಡಿಸಿದೆ. ಮರುದಿನ ಅವರು ಬಂದು ಕೇಳಿ, ಸದ್ದಿಲ್ಲವೆಂದು ತಲೆಯಾಡಿಸಿ, ತಂಬೂರಿ ಹಚ್ಚಿ, ರಸ್ತೆಯ ಹಾರ್ನ್‌ಗಳ ಗದ್ದಲದ ನಡುವೆಯೇ ಒಂದು ಷಡ್ಜ ಹಿಡಿದರು. ಪಕ್ಕದ ಅಂಗಡಿಯವರೆಲ್ಲ ಇಣುಕಿ ನೋಡಿದರು. ಆಮೇಲೆ ತರಕಾರಿಗೆಂದು ಬಂದಾಗಲೆಲ್ಲ ನನ್ನ ಅಂಗಡಿ ಮುಂದೆ ನಿಂತು ಮಾತಾಡಿಸಿಯೇ ಹೋಗುತ್ತಿದ್ದರು.

ಇನ್ನೊಂದು ಮಳೆಗಾಲ ಕಳೆದಿರಬೇಕು... ಮತ್ತೆ ಅದೇ ಗಂಟು ಹಿಡಿದು ಬಂದರು. “ತಿರುಗಿ ಸುರು ಆಗೇದಪಾ.”

ಈ ಸಲ ನನಗೆ ಏನೂ ಕೇಳಿಸಲಿಲ್ಲ. ಮೀಟರ್ ಹಚ್ಚಿದೆ, ಬಿದಿರುಕಡ್ಡಿಯಿಂದ ಒತ್ತಿದೆ, ಹೊಸ ಅಡಾಪ್ಟರ್ ಹಾಕಿದೆ. ಪ್ರತಿ ಸಲವೂ “ಅದ” ಎಂದರು. ಕೊನೆಗೆ ಎಲ್ಲವನ್ನೂ ಆಫ್ ಮಾಡಿ, ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಅವರು ಕಣ್ಣು ಮುಚ್ಚಿಯೇ ಇದ್ದರು.

“ಅದ. ಈಗೂ ಅದ.”

ಅವರು ಕಣ್ಣು ತೆರೆದರು. ನನ್ನ ಕೈಯಲ್ಲಿದ್ದ ಪ್ಲಗ್ ನೋಡಿದರು.

“ಯಾವಾಗ ತಗದಿ?”

“ಆವಾಗ್ಲೇ ತೆಗ್ದೆ ಅಮ್ಮಾ...”

ಆಮೇಲೆ ತಂಬೂರಿಯನ್ನು ತಾವೇ ಸೀರೆಯ ತುಂಡಿನಲ್ಲಿ ಸುತ್ತಿದರು. “ಡಾಕ್ಟರ್‌ಗೆ ತೋರಿಸಿ ಅಮ್ಮಾ” ಎಂದೆ. “ಹೂಂ, ತೋರಸ್ತೀನಿ. ಇದು ಮಷಿನ್ನಿಂದಾಗಿದ್ರ ನೀ ಬಿಚ್ಚಿ ಸರಿ ಮಾಡ್ತಿದ್ದಿ” ಎಂದು ನಕ್ಕರು. ಆ ನಗು ನೋಡಲು ನನ್ನಿಂದಾಗಲಿಲ್ಲ.

ಡಾಕ್ಟರಿಗೆ ತೋರಿಸಿದರು. ಕಿವಿಯೊಳಗಿನ ಈ ಸದ್ದು ವಯಸ್ಸಿನಿಂದ ಬಂದದ್ದು, ಪೂರ್ತಿ ಹೋಗುವುದಿಲ್ಲ ಎಂದರಂತೆ. ಪಾಠಕ್ಕೆ ಬರುವವರು ಕಡಿಮೆಯಾದರು. ಒಮ್ಮೆ ಸೊಪ್ಪಿನ ಗಾಡಿಯ ಬಳಿ ಸಿಕ್ಕಾಗ, ಹೇಗಿದೆ ಎಂದು ಅಂಜುತ್ತಲೇ ವಿಚಾರಿಸಿದೆ.

“ಹೋಗೂದಿಲ್ಲ ಅಂದ ಮ್ಯಾಲ ಏನ್ ಮಾಡೂದು? ಅದೂ ಒಂದು ಸ್ವರದಾಗನ ಇರಬೇಕಲ್ಲ. ಯಾವ ಸ್ವರ ಅಂತ ಹುಡುಕಲಿಕತ್ತೀನಿ. ಸಿಕ್ಕರ ಅದನ್ನ ಕೂಡಿಸ್ಕೊಂಡು ಹಾಡ್ತೀನಿ” ಎಂದು, ಮೆಂತ್ಯದ ಕಟ್ಟು ಚೀಲಕ್ಕೆ ಹಾಕಿಕೊಂಡು ಹೊರಟರು. ಅದೇ ಕೊನೆ. ಅಳಿಯನಿಗೆ ಬೇರೆ ಊರಿಗೆ ವರ್ಗವಾಗಿ ಎಲ್ಲರೂ ಹೋದರು.

ಹೋದ ವರ್ಷ ಅವರ ಮಗಳು ಈ ಕಡೆ ಬಂದವರು ಅಂಗಡಿ ಹತ್ತಿರ ನಿಂತರು. “ಅಮ್ಮ ಹೋಗ್ಬಿಟ್ರು” ಎಂದರು. ಕೊನೆಯ ದಿನಗಳಲ್ಲೂ ಬೆಳಿಗ್ಗೆ ಒಬ್ಬರೇ ಕುಳಿತು ಏನೋ ಗುನುಗುತ್ತಿದ್ದರಂತೆ. ತಂಬೂರಿ ಮಾತ್ರ ಹಚ್ಚುತ್ತಿರಲಿಲ್ಲವಂತೆ.

ಆ ಸ್ವರ ಅವರಿಗೆ ಸಿಕ್ಕಿತ್ತೇ ಎಂದು ಕೇಳಬೇಕೆನ್ನಿಸಿತು. ಮಗಳು ಅಳುತ್ತಿದ್ದರು. ಕೇಳಲಿಲ್ಲ. ಅಂದು ಸೊಪ್ಪಿನ ಗಾಡಿಯ ಬಳಿ ಇನ್ನೊಂದು ಗಳಿಗೆ ಟೀಚರನ್ನು ನಿಲ್ಲಿಸಿ ಮಾತಾಡಿಸಬಹುದಿತ್ತು... ಅಂಗಡಿಗೆ ಈಗಲೂ ಸದ್ದು ಮಾಡುವ ಅಡಾಪ್ಟರುಗಳು ಬರುತ್ತಲೇ ಇರುತ್ತವೆ, ಸರಿ ಮಾಡಿ ಕೊಡುತ್ತಲೇ ಇರುತ್ತೇನೆ. ತೆಗೆದುಕೊಂಡು ಹೋಗುವವರು ಯಾರೂ ಕಣ್ಣು ಮುಚ್ಚಿ ಕುಳಿತು ಕೇಳುವುದಿಲ್ಲ.